ಬೆಟ್ಟದ ಲೆಕ್ಕ ಬರೆದ ಕಾರಂತರು

ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಿ, ಹಿರಿಯರೊಬ್ಬರ ಜೀವನ ಚರಿತ್ರೆ ಆದರೆ ಒಳ್ಳೆಯದು ಅಂತ ಸಂಪಾದಕ ಸಮಿತಿಯವರು ಹೇಳಿದರು. ಸಹಕಾರಿ ಸಂಘದ ಸಂಚಿಕೆ ಎಂದಮೇಲೆ ಮೊಳಹಳ್ಳಿ ಶಿವರಾಯರ ಭಾವಚಿತ್ರ, ಅವರ ಮೇಲೊಂದು ಲೇಖನ ಇದ್ದೇ ಇರುತ್ತದೆ. ಇರಬೇಕಾದದ್ದೇ. ಆ ಕೆಲಸವನ್ನು ನನಗಿಂತ ತಿಳಿದವರು ಮಾಡುತ್ತಾರೆ. ನಾನು ಬರೆಯಹೊರಟದ್ದು ಶಿವರಾಯರ ಒತ್ತಾಸೆಯಲ್ಲಿ ಪುತ್ತೂರಿನಲ್ಲಿ ನೆಲೆ ನಿಂತು, ಸುಮಾರು ನಾಲ್ಕು ದಶಕಗಳ ಕಾಲ ನಮ್ಮ ಗುಡ್ಡ, ತೋಡು, ತೋಟ, ಕಾಡುಗಳನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿದ ಡಾ. ಕೋಟ ಶಿವರಾಮ ಕಾರಂತರ ಬಗ್ಗೆ.

ಸೊಸೈಟಿಗೂ ಕಾರಂತರಿಗೂ ಏನು ಸಂಬಂಧ ಅಂತ ಸದಸ್ಯರಲ್ಲಿ ಕೆಲವರು ಕೇಳಬಹುದು. ಸಂಬಂಧ ಉಂಟು. ಸಾಲ ಅಂದರೆ ಏನು, ಅದನ್ನು ತೀರಿಸುವುದು ಅಂದರೆ ಏನು ಎಂಬುದನ್ನು ಅವರಷ್ಟು ದೂರದವರೆಗೆ ಯೋಚಿಸಿದವರು ನಮ್ಮ ಜಿಲ್ಲೆಯಲ್ಲಿ ಕಡಮೆ. ನಮ್ಮ ಲೆಜರಿನಲ್ಲಿ ಹಣದ ಸಾಲ ಮಾತ್ರ ಬರೆಯುತ್ತೇವೆ. ಮಣ್ಣಿನಿಂದ, ಕಾಡಿನಿಂದ, ಹಿಂದಿನವರಿಂದ ನಾವು ತೆಗೆದ ಸಾಲವೂ ಒಂದುಂಟು, ಅದಕ್ಕೆ ರಶೀದಿ ಇಲ್ಲ, ಆದರೆ ಕಂತು ತಪ್ಪಿಸುವ ಹಾಗಿಲ್ಲ ಎಂಬುದು ಅವರ ಬದುಕು ಮತ್ತು ಬರಹದ ಒಟ್ಟು ತಾತ್ಪರ್ಯ ಎಂದು ನಾನು ತಿಳಿದಿದ್ದೇನೆ.

ಇವತ್ತು ವಿಶ್ವವಿದ್ಯಾನಿಲಯಗಳ ಭೂಗೋಳ ವಿಭಾಗಗಳಲ್ಲಿ ಮನುಷ್ಯನಿಗೂ ಪರಿಸರಕ್ಕೂ ಇರುವ ಸಂಬಂಧ ಎಂಬುದೇ ಒಂದು ದೊಡ್ಡ ಅಧ್ಯಯನದ ವಿಷಯ. ಪ್ರೊಫೆಸರುಗಳು ನಕ್ಷೆ, ಉಪಗ್ರಹದ ಚಿತ್ರ, ಪ್ರಶ್ನಾವಳಿ ಹಿಡಿದುಕೊಂಡು ಹಳ್ಳಿಗೆ ಬರುತ್ತಾರೆ, ಒಳ್ಳೆಯ ಕೆಲಸವನ್ನೂ ಮಾಡುತ್ತಾರೆ. ಕಾರಂತರು ಕಾಲೇಜು ಓದನ್ನು ಪೂರ್ತಿ ಮಾಡಿದವರೇ ಅಲ್ಲ. ಅವರು ಅದೇ ವಿಷಯವನ್ನು ಪುತ್ತೂರು, ಸುಳ್ಯ, ಕಡಬದ ಕಾಲುದಾರಿಗಳಲ್ಲಿ ಕಲಿತರು. ಆಗ ಇವೆಲ್ಲ ಸೇರಿ ಒಂದೇ ಪುತ್ತೂರು ತಾಲೂಕು ಆಗಿತ್ತು.

ಕೋಟದಿಂದ ಹೊರಟ ಹುಡುಗ

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಈಗಿನ ಉಡುಪಿ ಜಿಲ್ಲೆಯ ಕೋಟದಲ್ಲಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬೈಲುಗದ್ದೆ, ರಾತ್ರಿಯಾದರೆ ಯಕ್ಷಗಾನದ ಚೆಂಡೆ. ಇದು ಅವರ ಬಾಲ್ಯದ ಪ್ರಪಂಚ. ಕುಂದಾಪುರದಲ್ಲಿ ಹೈಸ್ಕೂಲು ಮುಗಿಸಿ ಮಂಗಳೂರಿನ ಸರಕಾರಿ ಕಾಲೇಜಿಗೆ ಸೇರಿದ್ದರು. ಅಷ್ಟರಲ್ಲಿ ಗಾಂಧೀಜಿಯವರ ಅಸಹಕಾರ ಚಳವಳಿ ಬಂತು. ಇಪ್ಪತ್ತು ವರ್ಷದ ಆಸುಪಾಸಿನ ಹುಡುಗ ಕಾಲೇಜು ಬಿಟ್ಟು ಹೊರಗೆ ಬಂದುಬಿಟ್ಟರು. ಮನೆಯವರಿಗೆ ಎಷ್ಟು ಸಂಕಟ ಆಗಿರಬಹುದು ಎಂಬುದನ್ನು ಮಕ್ಕಳನ್ನು ಓದಿಸಿದವರು ಊಹಿಸಬಹುದು.

ಮುಂದಿನ ಕೆಲವು ವರ್ಷ ಖಾದಿ ಪ್ರಚಾರ, ಪಾನನಿಷೇಧ, ಅಸ್ಪೃಶ್ಯತಾ ನಿವಾರಣೆ, ಊರೂರು ತಿರುಗಾಟ. ವಸಂತ ಎಂಬ ಪತ್ರಿಕೆಯನ್ನೂ ನಡೆಸಿದರು. ಪತ್ರಿಕೆಯಿಂದ ಕೈ ಸುಟ್ಟುಕೊಂಡದ್ದೇ ಹೆಚ್ಚು. ಆದರೆ ಆ ತಿರುಗಾಟ ನಷ್ಟ ಆಗಲಿಲ್ಲ. ಭಾಷಣ ಮಾಡಲು ಹೋದವರು ನೋಡಲು ಕಲಿತರು. ಬಡವನ ಗುಡಿಸಲಿನ ಒಳಗೆ ಏನುಂಟು, ಮಳೆಗಾಲದಲ್ಲಿ ಅವನ ಒಲೆ ಎಷ್ಟು ದಿನ ಹೊತ್ತುತ್ತದೆ, ಅವನು ಯಾರಿಗೆ ಎಷ್ಟು ಕೊಡಲಿಕ್ಕುಂಟು ಎಂಬುದೆಲ್ಲ ಕಣ್ಣಿಗೆ ಬಿತ್ತು. ಬರೇ ಚರಕದಿಂದ, ಉಪದೇಶದಿಂದ ಇದು ಸರಿಹೋಗುವ ಕಥೆ ಅಲ್ಲ ಎಂದು ಅವರಿಗೆ ಅನಿಸಿದ್ದು ಆಗಲೇ ಇರಬೇಕು. ಕ್ರಮೇಣ ಚಳವಳಿಯ ಪ್ರಚಾರದಿಂದ ದೂರ ಸರಿದು ನಾಟಕ, ಮಕ್ಕಳ ಶಿಕ್ಷಣ, ಬರವಣಿಗೆಯ ಕಡೆ ತಿರುಗಿದರು.

ಪುತ್ತೂರಿನ ನಂಟು

1920ರ ದಶಕ ಮುಗಿಯುವ ಹೊತ್ತಿಗೆ ಕಾರಂತರಿಗೆ ಪುತ್ತೂರಿನ ನಂಟು ಬೆಳೆಯಿತು. ಇಲ್ಲಿ ವಕೀಲರಾಗಿದ್ದ ಮೊಳಹಳ್ಳಿ ಶಿವರಾಯರು ಅವರ ಬೆನ್ನಿಗೆ ನಿಂತರು. ಶಿವರಾಯರ ವಿಚಾರ ನಮ್ಮ ಸದಸ್ಯರಿಗೆ ಹೇಳಬೇಕಾದ್ದಿಲ್ಲ. ದೇಶದಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದದ್ದು 1904ರಲ್ಲಿ. ಐದೇ ವರ್ಷದಲ್ಲಿ, 1909ರಲ್ಲಿ, ಪುತ್ತೂರಿನಲ್ಲಿ ಅವರು ಸಹಕಾರಿ ಸಂಘ ಕಟ್ಟಿದರು. 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಶುರುವಾದದ್ದೂ ಪುತ್ತೂರಿನಲ್ಲೇ, ಮಂಗಳೂರಿಗೆ ಹೋದದ್ದು ಆಮೇಲೆ. ಅಡವು, ಬಡ್ಡಿ, ಮೇಲ್ಬಡ್ಡಿ ಎಂದು ಒದ್ದಾಡುತ್ತಿದ್ದ ರೈತನಿಗೆ ಉಸಿರಾಡಲು ಒಂದು ದಾರಿ ಮಾಡಿಕೊಟ್ಟವರು ಅವರು.

ಶಿವರಾಯರು ರೈತನ ಹಣದ ಸಾಲಕ್ಕೆ ವ್ಯವಸ್ಥೆ ಮಾಡಿದರು. ಅದೇ ರೈತ ಬೆಟ್ಟದ ಹತ್ತಿರ, ಆಳುಮಕ್ಕಳ ಹತ್ತಿರ ಮಾಡಿದ ಸಾಲದ ಲೆಕ್ಕವನ್ನು ಕಾರಂತರು ಬರೆದರು. ಇಬ್ಬರೂ ಸೇರಿ ಪುತ್ತೂರಿನಲ್ಲಿ ದಸರಾ ನಾಡಹಬ್ಬ ನಡೆಸಿದ್ದನ್ನು ಹಿರಿಯರು ನೆನೆಸುತ್ತಿದ್ದರು. ಕರ್ನಾಟಕವೇ ಒಂದಾಗದಿದ್ದ ಆ ಕಾಲದಲ್ಲಿ, ಮದರಾಸು ಪ್ರಾಂತದ ಮೂಲೆಯ ಈ ಊರಿಗೆ ಮೈಸೂರು, ಧಾರವಾಡದ ಕಡೆಯ ಸಾಹಿತಿಗಳು ಬಂದು ಹೋಗುತ್ತಿದ್ದರು.

1930ರ ದಶಕದಲ್ಲಿ ಪುತ್ತೂರು ಪೇಟೆಯ ಹೊರಗೆ ಪರ್ಲಡ್ಕದಲ್ಲಿ ಕಾರಂತರು ಬಾಲವನ ಮಾಡಿದರು. ಪುಸ್ತಕದ ಹೊರೆ ಇಲ್ಲದೆ ಮಕ್ಕಳು ಹಾಡಿ, ಕುಣಿದು, ಮರ ಹಕ್ಕಿ ನೋಡಿ ಕಲಿಯಬೇಕು ಎಂಬುದು ಅವರ ಯೋಚನೆ. ಅದೇ ಕಾಲದಲ್ಲಿ ಬಾಲ ಪ್ರಪಂಚ ಎಂಬ ಮಕ್ಕಳ ವಿಶ್ವಕೋಶವನ್ನು ಒಬ್ಬರೇ ಬರೆದು ಮೂರು ಸಂಪುಟಗಳಲ್ಲಿ ತಂದರು. ಆಮೇಲೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ವಿಜ್ಞಾನ ಪ್ರಪಂಚ. ಈಗ ಒಂದು ಸಮಿತಿ, ಒಂದು ಕಚೇರಿ, ಹತ್ತು ಮಂದಿ ಸಿಬ್ಬಂದಿ ಮಾಡುವ ಕೆಲಸ ಅದು. 1936ರಲ್ಲಿ ಲೀಲಾ ಆಳ್ವರನ್ನು ಮದುವೆಯಾದರು. ಜಾತಿ ಮೀರಿದ ಮದುವೆ. ಆ ಕಾಲದಲ್ಲಿ ಅದಕ್ಕೆ ಎಷ್ಟು ಧೈರ್ಯ ಬೇಕಾಗಿತ್ತು ಎಂದು ವಿವರಿಸಬೇಕಿಲ್ಲ. ಕಾರಂತರ ಎಷ್ಟೋ ಕೆಲಸಗಳ ಹಿಂದೆ ಲೀಲಾ ಅವರ ಶ್ರಮ ಇತ್ತು. ಪುತ್ತೂರಿನಲ್ಲೇ ಹರ್ಷ ಎಂಬ ಹೆಸರಿನ ಮುದ್ರಣಾಲಯ ಇಟ್ಟು ತಮ್ಮ ಪುಸ್ತಕ ತಾವೇ ಅಚ್ಚು ಹಾಕಿಸಿ ಮಾರಿದರು. ಕೈಯಲ್ಲಿ ದುಡ್ಡು ನಿಂತದ್ದು ಕಡಮೆ.

ನೆಲದ ಪಾಠ

ಕಾರಂತರು ಕಂಡ ನಾಡು ಎಂಥದು ಎಂಬುದನ್ನು ಹೊಸ ತಲೆಮಾರಿನ ಸದಸ್ಯರಿಗಾಗಿ ಸ್ವಲ್ಪ ಹೇಳುತ್ತೇನೆ. ಪೂರ್ವಕ್ಕೆ 1712 ಮೀಟರ್ ಎತ್ತರದ ಕುಮಾರ ಪರ್ವತ. ಅಲ್ಲಿಂದ ಇಳಿದ ಕುಮಾರಧಾರೆ ಸುಬ್ರಹ್ಮಣ್ಯ ದಾಟಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಇತ್ತ ಕೊಡಗಿನ ಕಡೆಯಿಂದ ಬಂದ ಪಯಸ್ವಿನಿ ಸಂಪಾಜೆ, ಸುಳ್ಯ ಹಾದು ಕಾಸರಗೋಡಿನ ಹತ್ತಿರ ಚಂದ್ರಗಿರಿ ಎಂಬ ಹೆಸರಿನಲ್ಲಿ ಸಮುದ್ರಕ್ಕೆ ಹೋಗುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ. ಆದರೆ ಆ ಮಳೆಯೆಲ್ಲ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಉಳಿದ ಎಂಟು ತಿಂಗಳು ನಾವು ಬದುಕುವುದು ಗುಡ್ಡ ಕುಡಿದು ಇಟ್ಟುಕೊಂಡ ನೀರಿನಲ್ಲಿ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಎರಡು ಗುಡ್ಡದ ನಡುವಿನ ತಗ್ಗಿನಲ್ಲಿ ಅಡಿಕೆ ತೋಟ. ಮೇಲಿನ ಗುಡ್ಡದಲ್ಲಿ ಕಾಡು. ಕಾಡಿನ ಸೊಪ್ಪು ಹಟ್ಟಿಗೆ, ಹಟ್ಟಿಯ ಗೊಬ್ಬರ ತೋಟಕ್ಕೆ, ಗುಡ್ಡದ ಒರತೆಯ ನೀರು ತೋಡಿಗೆ, ಮಳೆ ನಿಂತ ಮೇಲೆ ತೋಡಿಗೆ ಕಲ್ಲು ಮಣ್ಣಿನ ಕಟ್ಟ. ಒಂದು ಕೊಂಡಿ ಕಳಚಿದರೆ ಉಳಿದದ್ದೂ ಕಳಚುತ್ತದೆ. ಕುಮ್ಕಿ ಎಂಬ ಹಕ್ಕು ಹುಟ್ಟಿದ್ದೂ ಇದರಿಂದಲೇ. ಹಳೆಯ ವರ್ಗ ಜಾಗದ ಅಂಚಿನಿಂದ ನೂರು ಗಜದವರೆಗೆ ಸರಕಾರಿ ಜಾಗದಲ್ಲಿ ಕೃಷಿಗೆ ಬೇಕಾದ ಸೊಪ್ಪು, ಕಟ್ಟಿಗೆ ತೆಗೆಯಬಹುದು. ಕುಮ್ಕಿ ಎಂದರೆ ಸಹಾಯ, ಕುಮ್ಮಕ್ಕು. ತೋಟಕ್ಕೆ ಕಾಡು ಕೊಡುವ ಸಹಾಯ ಎಂದು ಕಂದಾಯ ಇಲಾಖೆಯ ಶಬ್ದವೇ ಹೇಳುತ್ತದೆ. ನಾವು ಹಕ್ಕನ್ನು ಮಾತ್ರ ನೆನಪಿಟ್ಟುಕೊಂಡು ಸಹಾಯವನ್ನು ಮರೆತೆವು.

ಚೋಮನ ಸಾಲ

1933ರಲ್ಲಿ ಬಂದ ಚೋಮನ ದುಡಿ ಕಾದಂಬರಿಯನ್ನು ಶಾಲೆಯಲ್ಲಿ ಓದಿದವರು ಇದ್ದಾರೆ. ಬಿ. ವಿ. ಕಾರಂತರು 1975ರಲ್ಲಿ ಮಾಡಿದ ಸಿನೆಮಾಕ್ಕೆ ರಾಷ್ಟ್ರಮಟ್ಟದಲ್ಲಿ ಸ್ವರ್ಣ ಕಮಲ ಬಂತು, ಅದನ್ನು ನೋಡಿದವರೂ ಇದ್ದಾರೆ. ಕಥೆ ನಮ್ಮ ಸೀಮೆಯದೇ. ಚೋಮ ಧಣಿಯ ಆಳು. ಅವನಿಗೆ ಒಂದು ತುಂಡು ಗದ್ದೆ ತಾನೇ ಬೇಸಾಯ ಮಾಡಬೇಕು ಎಂಬ ಆಸೆ. ಹುಟ್ಟಿದ ಜಾತಿಯ ಕಾರಣಕ್ಕೆ ಅದು ಅವನಿಗೆ ಇಲ್ಲ. ಅವನಿಗೆ ಇದ್ದದ್ದು ಘಟ್ಟದ ಮೇಲಿನ ಕಾಫಿ ತೋಟದ ಸಾಲ ಮಾತ್ರ. ಆ ಸಾಲ ತೀರಿಸಲು ಗಂಡುಮಕ್ಕಳು ಘಟ್ಟ ಹತ್ತಿದರು. ಒಬ್ಬ ಜ್ವರ ಹಿಡಿದು ಸತ್ತ, ಒಬ್ಬ ಹಿಂದೆ ಬರಲಿಲ್ಲ. ಕೊನೆಗೆ ಮಗಳು ಬೆಳ್ಳಿಯೂ ಅದೇ ತೋಟಕ್ಕೆ ಹೋಗಬೇಕಾಯಿತು, ಸಾಲದ ಜೊತೆಗೆ ಮಾನವನ್ನೂ ತೆರಬೇಕಾಯಿತು. ಇನ್ನೊಬ್ಬ ಚಿಕ್ಕ ಮಗ ನೀರಿನಲ್ಲಿ ಮುಳುಗುವಾಗ, ಮುಟ್ಟಬಾರದು ಎಂಬ ಕಾರಣಕ್ಕೆ ಮೇಲುಜಾತಿಯವರು ನೋಡುತ್ತ ನಿಂತರು.

ಸಾಲದ ವ್ಯವಹಾರ ಮಾಡುವ ನಾವು ಈ ಕಥೆಯನ್ನು ಮರೆಯಬಾರದು. ಸಾಲ ಎಂಬುದು ಒಬ್ಬನನ್ನು ನೆಟ್ಟಗೆ ನಿಲ್ಲಿಸಲೂಬಹುದು, ಒಂದು ಸಂಸಾರವನ್ನೇ ನುಂಗಲೂಬಹುದು. ಯಾರು ಕೊಡುತ್ತಾರೆ, ಏತಕ್ಕೆ ಕೊಡುತ್ತಾರೆ, ಪಡೆದವನಿಗೆ ನೆಲ ಉಂಟಾ ಇಲ್ಲವಾ ಎಂಬುದರ ಮೇಲೆ ಅದು ನಿಂತಿದೆ. ಭೂಮಿಗೂ ಮನುಷ್ಯನಿಗೂ ಇರುವ ಸಂಬಂಧ ಎಂದು ಮಾತಾಡುವಾಗ, ಭೂಮಿಯನ್ನು ಮುಟ್ಟಲು ಯಾರಿಗೆ ಬಿಟ್ಟಿದ್ದೇವೆ, ಯಾರಿಗೆ ಬಿಟ್ಟಿಲ್ಲ ಎಂಬ ಪ್ರಶ್ನೆ ಮೊದಲು ಬರಬೇಕು ಎಂದು ಕಾರಂತರು ಅಂದೇ ತೋರಿಸಿದರು. ಉಳುವವನಿಗೆ ಭೂಮಿ ಎಂಬ ಕಾನೂನು ನಮ್ಮಲ್ಲಿ ಜೋರಾಗಿ ಜಾರಿಗೆ ಬಂದದ್ದು 1974ರ ನಂತರ. ಗೇಣಿ ಚೀಟು ಇದ್ದ ಒಕ್ಕಲಿಗೆ ನೆಲ ಸಿಕ್ಕಿತು. ಗೇಣಿಯೂ ಇಲ್ಲದೆ ಬರೇ ಆಳಾಗಿದ್ದ ಚೋಮನಂಥವನಿಗೆ ಎಷ್ಟು ಸಿಕ್ಕಿತು ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ಬೆಟ್ಟದ ಜೀವ

ಕಾರಂತರು ಹತ್ತಿರ ಹತ್ತಿರ ಐವತ್ತು ಕಾದಂಬರಿ ಬರೆದರು. ಅದರಲ್ಲಿ ನಮ್ಮದೇ ಎಂದು ಹೇಳಿಕೊಳ್ಳಬಹುದಾದದ್ದು 1943ರ ಬೆಟ್ಟದ ಜೀವ. ಕುಮಾರ ಪರ್ವತದ ಬುಡದ ಕಾಡಿನಲ್ಲಿ ದಾರಿ ತಪ್ಪಿದ ಒಬ್ಬ ಪ್ರಯಾಣಿಕ ಗೋಪಾಲಯ್ಯ ಎಂಬ ಹಿರಿಯರ ಮನೆಗೆ ಬಂದು ಸೇರುತ್ತಾನೆ. ಗೋಪಾಲಯ್ಯ, ಅವರ ಹೆಂಡತಿ ಶಂಕರಮ್ಮ. ಮಗ ಶಂಭು ಮನೆ ಬಿಟ್ಟು ಹೋಗಿ ವರ್ಷಗಳಾದವು. ಮಗನ ಹಾಗೆ ನೋಡಿಕೊಂಡ ನಾರಾಯಣ ಮತ್ತು ಅವನ ಹೆಂಡತಿ ಲಕ್ಷ್ಮಿ ಇನ್ನೂ ಒಳಗಿನ ಕಾಟುಮೂಲೆಯಲ್ಲಿ ತೋಟ ಮಾಡಿಕೊಂಡಿದ್ದಾರೆ. ಕಥೆ ಇಷ್ಟೇ. ಹುಲಿ, ಆನೆ, ಮಳೆ, ಮಾತು, ಊಟ, ಮಗನ ದಾರಿ ಕಾಯುವುದು. ಓದಿ ಮುಗಿಸಿದರೆ ನಮ್ಮ ಅಜ್ಜನ ಮನೆಗೆ ಹೋಗಿ ಬಂದ ಹಾಗಾಗುತ್ತದೆ.

ಗೋಪಾಲಯ್ಯ ಕಾಡು ಕಡಿದೇ ತೋಟ ಮಾಡಿದವರು. ಅದನ್ನು ಕಾರಂತರು ಮುಚ್ಚಿಡಲಿಲ್ಲ. ಆನೆ ಬಂದರೆ ತೋಟ ಹೋಗುತ್ತದೆ, ಹುಲಿ ಬಂದರೆ ದನ ಹೋಗುತ್ತದೆ, ಬೇಟೆಯೂ ನಡೆಯುತ್ತದೆ. ಕಾಡನ್ನು ದೂರದಿಂದ ನೋಡಿ ಹೊಗಳುವ ಪಟ್ಟಣದವರ ಪ್ರೀತಿ ಇಲ್ಲಿ ಇಲ್ಲ. ಆದರೆ ಗೋಪಾಲಯ್ಯರಿಗೆ ತಮ್ಮ ಅಳತೆ ಗೊತ್ತುಂಟು. ಎಷ್ಟು ಕಡಿಯಬೇಕು, ಎಲ್ಲಿ ನಿಲ್ಲಿಸಬೇಕು ಗೊತ್ತುಂಟು. ತಾವು ನೆಟ್ಟದ್ದನ್ನು ತಾವೇ ತಿಂದು ಮುಗಿಸಬೇಕು ಎಂಬ ಹಟ ಇಲ್ಲ. ನಾರಾಯಣನ ಸಂಕಟವೂ ಅಷ್ಟೇ ನಿಜವಾದದ್ದು. ಬೆವರು ಸುರಿಸಿದ ನೆಲ ನಾಳೆ ಯಾರದಾಗುತ್ತದೆ ಎಂಬ ಭಯ ಇದ್ದವನು ಹತ್ತು ವರ್ಷ ಕಾದು ಫಲ ಕೊಡುವ ಗಿಡವನ್ನು ಯಾವ ಧೈರ್ಯದಲ್ಲಿ ನೆಡುತ್ತಾನೆ? ನೆಲದ ಭದ್ರತೆ ಇದ್ದರೆ ಮಾತ್ರ ನೆಲದ ಮೇಲೆ ಪ್ರೀತಿ ಉಳಿಯುತ್ತದೆ ಎಂಬ ಮಾತು ಇವತ್ತು ದೊಡ್ಡ ದೊಡ್ಡ ವರದಿಗಳಲ್ಲಿ ಬರುತ್ತದೆ. ಕಾರಂತರು ಅದನ್ನು ಒಂದು ಮನೆಯ ಜಗಲಿಯಲ್ಲಿ ಕೂತು ಕಂಡುಕೊಂಡರು. ಪಿ. ಶೇಷಾದ್ರಿಯವರು ಈ ಕಾದಂಬರಿಯನ್ನು ಸಿನೆಮಾ ಮಾಡಿದಾಗ ಅದಕ್ಕೆ ಪರಿಸರ ವಿಭಾಗದ ರಾಷ್ಟ್ರ ಪ್ರಶಸ್ತಿಯೇ ಬಂತು.

1951ರ ಕುಡಿಯರ ಕೂಸು ಇನ್ನೂ ಮೇಲಕ್ಕೆ, ಮಲೆಕುಡಿಯರ ನಡುವೆ ಹೋಗುತ್ತದೆ. ನಮಗೆ ಕಾಡು ಎಂದರೆ ಸೊಪ್ಪು, ಕಟ್ಟಿಗೆ. ಅವರಿಗೆ ಅದೇ ಮನೆ, ಅದೇ ದೇವರು, ಅದೇ ಅಂಗಡಿ. ಏಲಕ್ಕಿ ಮಲೆಯ ಲಾಭ ಕೆಳಗಿನ ಧಣಿಗಳಿಗೂ ಪೇಟೆಯ ವ್ಯಾಪಾರಿಗಳಿಗೂ ಹೋಗುತ್ತಿದ್ದ ರೀತಿ, ಮಲೆಯಲ್ಲಿ ಹುಟ್ಟಿದವರೇ ಅಲ್ಲಿ ಕೂಲಿಗಳಾದ ರೀತಿ ಅದರಲ್ಲಿದೆ. ಅವರ ನಂಬಿಕೆಯನ್ನು ಕಾರಂತರು ತಮಾಷೆ ಮಾಡಲಿಲ್ಲ. ತಾವು ದೇವರನ್ನು ನಂಬಿದವರಲ್ಲದಿದ್ದರೂ, ಭಯ ಭಕ್ತಿ ಇದ್ದ ಕಡೆ ಮರ ಉಳಿದದ್ದನ್ನು ಅವರು ನೋಡಿದ್ದರು. ನಮ್ಮ ನಾಗಬನಗಳೂ ಹಾಗೆಯೇ ಅಲ್ಲವಾ? ಬನ ಇದ್ದಲ್ಲಿ ತಂಪು ಉಂಟು. ಈಗ ಬನದ ಮರ ಕಡಿದು ಸಿಮೆಂಟಿನ ಕಟ್ಟೆ, ಟೈಲ್ಸು ಹಾಕುತ್ತೇವೆ. ನಾಗನಿಗೆ ಬೇಕಾದದ್ದು ಟೈಲ್ಸಾ?

ಲೆಕ್ಕದ ಪುಸ್ತಕ

ಕಾರಂತರ ಅಳಿದ ಮೇಲೆ ಎಂಬ ಕಾದಂಬರಿ ಬಂದದ್ದು 1960ರಲ್ಲಿ. ಸಹಕಾರಿ ಸಂಘದ ಪ್ರತಿಯೊಬ್ಬ ನಿರ್ದೇಶಕನೂ ಅದನ್ನು ಒಮ್ಮೆ ಓದಬೇಕು ಎಂದು ನನ್ನ ಶಿಫಾರಸು. ಯಶವಂತರಾಯರು ಎಂಬ ಒಬ್ಬರು ಮುಂಬಯಿಯಲ್ಲಿ ತೀರಿಕೊಳ್ಳುತ್ತಾರೆ. ಅವರ ಕಾಗದಪತ್ರ ಮತ್ತು ಸ್ವಲ್ಪ ಹಣ ಒಬ್ಬ ಸ್ನೇಹಿತನ ಕೈಗೆ ಬರುತ್ತದೆ. ಅವರು ಯಾರು ಯಾರಿಗೋ ತಿಂಗಳು ತಿಂಗಳು ಹಣ ಕಳಿಸುತ್ತಿದ್ದರು. ಆ ಜನರನ್ನು ಹುಡುಕಿಕೊಂಡು ಸ್ನೇಹಿತ ಊರಿಂದೂರಿಗೆ ಹೋಗುತ್ತಾನೆ. ಲೋಕದಿಂದ ತಾನು ಪಡೆದದ್ದು ಎಷ್ಟು, ಹಿಂದೆ ಕೊಟ್ಟದ್ದು ಎಷ್ಟು, ಹೋಗುವಾಗ ಬಾಕಿ ಉಳಿಸಿ ಹೋಗಬಾರದು ಎಂಬ ಯಶವಂತರಾಯರ ಹಟವೇ ಕಾದಂಬರಿಯ ಜೀವ. ಬದುಕನ್ನೇ ಒಂದು ಜಮಾ ಖರ್ಚಿನ ಪುಸ್ತಕವಾಗಿ ನೋಡಿದ ಈ ಯೋಚನೆ ಕಾರಂತರದ್ದೇ ಎಂದು ಅವರ ಬದುಕನ್ನು ನೋಡಿದರೆ ತಿಳಿಯುತ್ತದೆ.

ಪ್ರಶಸ್ತಿಗಳು ಬಂದವು. ಯಕ್ಷಗಾನ ಬಯಲಾಟ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1968ರಲ್ಲಿ ಪದ್ಮಭೂಷಣ, ಮೂಕಜ್ಜಿಯ ಕನಸುಗಳು ಕಾದಂಬರಿಗೆ 1977ರ ಜ್ಞಾನಪೀಠ, ಜೊತೆಗೆ ಹಲವು ವಿಶ್ವವಿದ್ಯಾನಿಲಯಗಳ ಗೌರವ ಡಾಕ್ಟರೇಟ್. ತುರ್ತು ಪರಿಸ್ಥಿತಿ ಬಂದಾಗ ಅದನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದೆ ಕೊಟ್ಟರು. 1970ರ ದಶಕದಲ್ಲಿ ಪುತ್ತೂರು ಬಿಟ್ಟು ಹುಟ್ಟೂರಿನ ಹತ್ತಿರದ ಸಾಲಿಗ್ರಾಮಕ್ಕೆ ಹೋಗಿ ನೆಲೆಸಿದರು.

ಕಾಡಿನ ಪರವಾಗಿ ಹೋರಾಟ

ಎಪ್ಪತ್ತು ದಾಟಿದ ಮೇಲೆ ಹೆಚ್ಚಿನವರು ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಂಡು ಕೂರುತ್ತಾರೆ. ಕಾರಂತರು ಬೀದಿಗೆ ಇಳಿದರು. ದೇಶದ ಪರಿಸರದ ಸ್ಥಿತಿಗತಿಯ ಮೇಲೆ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು 1982ರಲ್ಲಿ ತಂದ ನಾಗರಿಕ ವರದಿಯನ್ನು ಕನ್ನಡಕ್ಕೆ ತಂದುಕೊಟ್ಟರು. ಕಾದಂಬರಿ ಬರೆದು ಹೆಸರು ಮಾಡಿದವರು ಅಂಕಿಅಂಶದ ಪುಸ್ತಕ ಅನುವಾದ ಮಾಡಲು ಕೂತರೆಂದರೆ, ಅದು ಹಳ್ಳಿಯವನ ಕೈಗೆ ಅವನ ಭಾಷೆಯಲ್ಲೇ ಸಿಗಬೇಕು ಎಂಬ ಕಾಳಜಿ ಇತ್ತೆಂದು ಅರ್ಥ.

ಆ ದಶಕದಲ್ಲಿ ರಾಜ್ಯದ ಕೆಲವು ಜಿಲ್ಲೆಗಳಲ್ಲಿ ಸುಮಾರು 30 ಸಾವಿರ ಹೆಕ್ಟೇರ್ ಗೋಮಾಳ, ಕಾಡುಜಾಗವನ್ನು ನೀಲಗಿರಿ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪೆನಿಗೆ ಕೊಡುವ ಏರ್ಪಾಡು ಆಯಿತು. ಹಳ್ಳಿಯವರ ದನ ಮೇಯುವ, ಸೌದೆ ಆರಿಸುವ ಜಾಗ ಅದು. ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಕಾರಂತರೂ ಒಬ್ಬರು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ರೈತರು ನೀಲಗಿರಿ ಸಸಿ ಕಿತ್ತು ಬೇರೆ ಗಿಡ ನೆಟ್ಟು ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ಮಾಡಿದರು. ಕೊನೆಗೆ 1991ರಲ್ಲಿ ಆ ಕಂಪೆನಿಯನ್ನು ಮುಚ್ಚಬೇಕಾಯಿತು.

ಉತ್ತರ ಕನ್ನಡದ ಕೈಗಾದಲ್ಲಿ ಕಾಳಿ ನದಿಯ ದಂಡೆಯಲ್ಲಿ ಅಣು ವಿದ್ಯುತ್ ಸ್ಥಾವರ ಬರುತ್ತದೆ ಎಂದಾಗಲೂ ಅವರು ಮುಂದೆ ನಿಂತರು. ಕಾಡು ಹೋಗುತ್ತದೆ, ಅಪಾಯದ ಹೊರೆ ಮುಂದಿನ ತಲೆಮಾರಿನ ಮೇಲೆ ಬೀಳುತ್ತದೆ ಎಂಬುದು ಅವರ ವಾದ. 1989ರ ಲೋಕಸಭಾ ಚುನಾವಣೆಯಲ್ಲಿ ಅದೇ ವಿಷಯ ಮುಂದಿಟ್ಟುಕೊಂಡು ಉತ್ತರ ಕನ್ನಡದಿಂದ ಸ್ಪರ್ಧಿಸಿದರು. ಆಗ ಅವರಿಗೆ 87 ವರ್ಷ. ಸೋತರು. ಸ್ಥಾವರವೂ ನಿಂತಿತು. ಆದರೆ ಕಟ್ಟುತ್ತಿದ್ದಾಗಲೇ, 1994ರ ಮೇ ತಿಂಗಳಲ್ಲಿ, ಅದರ ಒಳಗುಮ್ಮಟದ ಒಂದು ಭಾಗ ಕುಸಿದುಬಿತ್ತು. 2000ದಿಂದ ವಿದ್ಯುತ್ ಬರುತ್ತಿದೆ, ನಮ್ಮ ಪಂಪೂ ಅದರಲ್ಲಿ ತಿರುಗುತ್ತಿರಬಹುದು. ಆದ್ದರಿಂದ ಕಾರಂತರು ಹೇಳಿದ್ದೆಲ್ಲ ಸರಿ, ಉಳಿದವರದ್ದೆಲ್ಲ ತಪ್ಪು ಎಂದು ನಾನು ವಾದಿಸುವುದಿಲ್ಲ. ಒಂದು ಯೋಜನೆಯ ಲಾಭ ಒಬ್ಬರಿಗೆ, ಅದರ ಸಾಲ ಇನ್ನೊಬ್ಬರಿಗೆ ಆಗಬಾರದು ಎಂದು ಆ ವಯಸ್ಸಿನಲ್ಲೂ ಕೇಳಿದರಲ್ಲ, ಅದು ದೊಡ್ಡದು.

1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ಅವರು ತೀರಿಕೊಂಡರು. 95 ವರ್ಷದ ತುಂಬು ಬದುಕು. ಅವರ ಮಗ ಉಲ್ಲಾಸ ಕಾರಂತರು ಹುಲಿಗಳ ಬಗ್ಗೆ ಸಂಶೋಧನೆ ಮಾಡಿ ಲೋಕಪ್ರಸಿದ್ಧರಾದರು. ಬಾಲವನ ಈಗ ಸರಕಾರದ ಕೈಯಲ್ಲಿ ಸ್ಮಾರಕವಾಗಿ ಉಳಿದಿದೆ. ಪುತ್ತೂರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿರಿ.

ನಮ್ಮ ಲೆಜರಿನಲ್ಲಿ ಇಲ್ಲದ ಸಾಲ

ಈಗ ನಮ್ಮ ಮಟ್ಟಿಗೆ ಒಂದು ಮಾತು. ಹೊಗಳಿ ಮುಗಿಸಿಬಿಟ್ಟರೆ ಕಾರಂತರಿಗೆ ಮೆಚ್ಚುಗೆ ಆಗುತ್ತಿರಲಿಲ್ಲ.

ನಾನೂ ಕೆಲವು ವರ್ಷ ಆಡಳಿತ ಮಂಡಳಿಯಲ್ಲಿ ಕೂತವನು. ಗುಡ್ಡ ಸಮ ಮಾಡಿ ಹೊಸ ತೋಟ ಎಬ್ಬಿಸಲು, ರಬ್ಬರು ಹಾಕಲು ಸಾಲದ ಅರ್ಜಿಗಳು ಬರುತ್ತಿದ್ದವು. ಆರ್‌ಟಿಸಿ ಸರಿ ಉಂಟಾ, ಜಾಮೀನು ಯಾರು, ಹಿಂದಿನ ಕಂತು ಕಟ್ಟಿದ್ದಾನಾ ಎಂದು ನೋಡುತ್ತಿದ್ದೆವು. ಗುಡ್ಡದ ಒರತೆ ಎಲ್ಲಿಗೆ ಹೋಗುತ್ತದೆ, ಕೆಳಗಿನ ಮನೆಯವರ ಬಾವಿ ಏನಾಗುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಕೈ ಎತ್ತಿದೆ. ನಮ್ಮದೇ ಮನೆಯ ಹಿಂದಿನ ಗುಡ್ಡದಲ್ಲಿ ತಂದೆಯವರು ಉಳಿಸಿದ್ದ ಮರುವ, ಕಿರಾಲುಬೋಗಿ, ಹಲಸಿನ ಮರಗಳಿದ್ದವು. ಜೆಸಿಬಿ ಬಂದ ವರ್ಷ ಅದನ್ನೂ ಸಮ ಮಾಡಿದೆವು. ನಾಲ್ಕನೆಯ ಬೇಸಗೆಗೆ ತೋಡು ಜನವರಿಯಲ್ಲೇ ನಿಂತಿತು. ತಂದೆಯವರ ಕಾಲದಲ್ಲಿ ಅದು ಎಪ್ರಿಲ್ ತನಕ ಹರಿಯುತ್ತಿತ್ತು. ಕಟ್ಟ ಕಟ್ಟುವ ಕೆಲಸವೂ ನಿಂತಿತು, ಕಟ್ಟಲಿಕ್ಕೆ ನೀರೇ ಇಲ್ಲವಲ್ಲ. ಆಮೇಲೆ ಕೊಳವೆ ಬಾವಿಗೆ ಸಾಲ ಮಾಡಿದೆ. ಗುಡ್ಡ ಧರ್ಮಕ್ಕೆ ಕೊಡುತ್ತಿದ್ದ ನೀರನ್ನು ಬಡ್ಡಿ ಕೊಟ್ಟು ತೆಗೆಯುವ ಬುದ್ಧಿವಂತಿಕೆ ನನ್ನದು.

2018ರ ಆಗಸ್ಟಿನಲ್ಲಿ ಜೋಡುಪಾಲ, ಸಂಪಾಜೆಯ ಕಡೆ ಗುಡ್ಡಗಳು ಜರಿದು ಮನೆ, ರಸ್ತೆ, ತೋಟ ಕೊಚ್ಚಿಹೋದದ್ದನ್ನು ಮರೆತವರು ಇರಲಿಕ್ಕಿಲ್ಲ. 2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಬೆಳಗ್ಗಿನ ಹೊತ್ತು ಆನೆ ಇಬ್ಬರನ್ನು ಕೊಂದಿತು. ಸುಳ್ಯದ ಎಷ್ಟೋ ತೋಟಗಳು ಹಳದಿ ಎಲೆ ರೋಗದಿಂದ ಬೋಳಾದವು. ಎಲ್ಲದಕ್ಕೂ ಒಂದೇ ಕಾರಣ ಎಂದು ಹೇಳುವಷ್ಟು ನಾನು ತಿಳಿದವನಲ್ಲ. ಮಳೆಯ ಅಬ್ಬರ ಉಂಟು, ರೋಗಕ್ಕೆ ಅದರದ್ದೇ ಕಾರಣ ಉಂಟು, ಆನೆಯ ದಾರಿಯ ತಂಟೆ ಉಂಟು. ಆದರೆ ಹಳೆಯ ಬಾಕಿಯೊಂದು ವಸೂಲಿಗೆ ಬಂದಿದೆ ಎಂದು ಮಾತ್ರ ಅನಿಸುತ್ತದೆ. ಅದರ ಪೆಟ್ಟು ಮೊದಲು ಬೀಳುವುದು ಸಣ್ಣ ಹಿಡುವಳಿಯವನಿಗೆ, ಕೂಲಿಯವನಿಗೆ.

ಸಹಕಾರದಿಂದ ಏನು ಸಾಧ್ಯ ಎಂಬುದನ್ನು ನಮ್ಮ ಸೀಮೆ ಒಮ್ಮೆ ತೋರಿಸಿದೆ. 1970ರ ಹೊತ್ತಿಗೆ ಅಡಿಕೆ ಧಾರಣೆ ಬಿದ್ದು ಬೆಳೆಗಾರ ಕಂಗಾಲಾದಾಗ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯೂ ಬಂತು. ಧಾರಣೆಗೆ ಒಂದಾದ ನಾವು ತೋಡಿಗೆ ಯಾಕೆ ಒಂದಾಗಬಾರದು? ಒಂದು ತೋಡಿನ ಎರಡು ದಂಡೆಯ ಸದಸ್ಯರು ಸೇರಿ ಹಿಂದಿನ ಹಾಗೆ ಕಟ್ಟ ಕಟ್ಟಿದರೆ ಸಂಘ ಅದಕ್ಕೆ ಕಡಮೆ ಬಡ್ಡಿಯಲ್ಲಿ ಸಾಲ ಕೊಡಲಿ. ಗುಡ್ಡ ಅಗೆಯುವ ಅರ್ಜಿಯ ಜೊತೆ ನೀರಿನ ಬಗ್ಗೆ ಒಂದು ಪ್ರಶ್ನೆ ಸೇರಿಸಲಿ. ಕುಮ್ಕಿಯಲ್ಲಿ ಕಾಡು ಉಳಿಸಿಕೊಂಡ ಸದಸ್ಯನನ್ನು ಮಹಾಸಭೆಯಲ್ಲಿ ಕರೆದು ಶಾಲು ಹೊದಿಸಲಿ. ಸಾಲ ಮರುಪಾವತಿಯಲ್ಲಿ ಮೊದಲು ಬಂದವನಿಗೆ ಕೊಡುವ ಮರ್ಯಾದೆ ಅವನಿಗೂ ಸಲ್ಲಬೇಕು, ಯಾಕೆಂದರೆ ಅವನೂ ಮರುಪಾವತಿ ಮಾಡಿದವನೇ.

ಕಾರಂತರು ಪುತ್ತೂರಿನಲ್ಲಿ ಇದ್ದಷ್ಟು ಕಾಲ ನಮ್ಮ ಬೆಟ್ಟ, ನಮ್ಮ ಜನರಿಂದ ಕಥೆ ಪಡೆದರು. ಪಡೆದದ್ದಕ್ಕಿಂತ ಹೆಚ್ಚು ಹಿಂದೆ ಕೊಟ್ಟು ಲೆಕ್ಕ ಚುಕ್ತಾ ಮಾಡಿ ಹೋದರು. ಬೆಳ್ಳಿಹಬ್ಬದ ಈ ಸಂದರ್ಭದಲ್ಲಿ ಸಂಘದ ಲಾಭ, ಠೇವಣಿ, ಡಿವಿಡೆಂಡು ಎಲ್ಲವನ್ನೂ ಲೆಕ್ಕ ಹಾಕೋಣ. ಅದರ ಜೊತೆಗೆ ಕುಮಾರಧಾರೆ, ಪಯಸ್ವಿನಿಗೆ ನಾವು ಕೊಡಲಿಕ್ಕಿರುವ ಬಾಕಿಯನ್ನೂ ಒಂದು ಪುಟದಲ್ಲಿ ಬರೆದಿಡೋಣ. ಸುವರ್ಣ ಮಹೋತ್ಸವದ ಸಂಚಿಕೆ ಬರುವಾಗ ನಾನು ಇರಲಿಕ್ಕಿಲ್ಲ. ಆಗ ಬರೆಯುವವರು ಆ ಪುಟ ತೆಗೆದು ನೋಡಿದರೆ, ಕೆಲವು ಕಂತಾದರೂ ಕಟ್ಟಿದ್ದು ಕಾಣಬೇಕು.